ಅಹಿಮಾಜನ ವಂಶಾವಳಿಯ ಪ್ರಾಮಾಣ್ಯ

ಬೈಜಾಂಟಿಯಂ ಸಾಮ್ರಾಜ್ಯದ ಯೆಹೂದ್ಯರು ತಮ್ಮ ಸಮುದಾಯಜೀವನವನ್ನು ಕುರಿತು ತಾವೇ ಬರೆದಿಟ್ಟ ಗ್ರಂಥಗಳು ವಿರಳ. ಅವುಗಳಲ್ಲಿ ಗಣ್ಯವಾದುದು, ಪಲ್ಟಿಯೇಲನ ಮಗನಾದ ಅಹಿಮಾಜನು 1054ರಲ್ಲಿ ಪ್ರಾಸಬದ್ಧ ಹೀಬ್ರೂ ಗದ್ಯದಲ್ಲಿ ರಚಿಸಿದ ವಂಶಾವಳಿ. ಸ್ಪೇನಿನ ಟೊಲೆಡೊ ನಗರದ ಪ್ರಧಾನ ಚರ್ಚಿನ ಗ್ರಂಥಭಂಡಾರದಲ್ಲಿ ದೊರೆತ ಇದರ ಏಕೈಕ ಹಸ್ತಪ್ರತಿಯನ್ನು ನ್ಯೂಬಾವರ್ ಅವರು 1895ರಲ್ಲಿ ಪ್ರಕಟಿಸಿದರು.

ದಕ್ಷಿಣ ಇಟಲಿಯ ಓರಿಯ ಪಟ್ಟಣದಲ್ಲಿ ಬಾಳಿದ ತನ್ನ ಪೂರ್ವಿಕರ ಮಹಿಮೆಯನ್ನು ಕೀರ್ತಿಸುವುದೇ ಗ್ರಂಥಕರ್ತನ ಉದ್ದೇಶ. ಆದುದರಿಂದ ಇಲ್ಲಿ ಪವಾಡಗಳಿಗೆ ಕೊರತೆಯಿಲ್ಲ. ಚಕ್ರವರ್ತಿ ಒಂದನೆಯ ಬೆಸಿಲನು 873-74ರ ಸುಮಾರಿಗೆ ಯೆಹೂದ್ಯರನ್ನು ಬಲಾತ್ಕಾರವಾಗಿ ಕ್ರೈಸ್ತಮತಕ್ಕೆ ಸೇರಿಸಲು ತೊಡಗಿದನೆಂಬುದು ಚಾರಿತ್ರಿಕ ಸಂಗತಿ. ಪೂರ್ವಿಕನಾದ ಶೆಫಟಿಯನು ರಾಜಪುತ್ರಿಗೆ ಹಿಡಿದಿದ್ದ ಪಿಶಾಚವನ್ನು ಬಿಡಿಸಿ, ಓರಿಯದವರಿಗೆ ಅದರಿಂದ ವಿನಾಯಿತಿ ಪಡೆದನೆಂಬುದಾದರೋ ಕುಲಾಭಿಮಾನದ ಕಥೆ.

ಬೆಸಿಲನ ಅನಂತರ 886ರಲ್ಲಿ ಪಟ್ಟಕ್ಕೆ ಬಂದ ಆರನೆಯ ಲಿಯೋ ತಂದೆಯ ಆಜ್ಞೆಯನ್ನು ರದ್ದುಪಡಿಸಿದನೆಂದು ಅಹಿಮಾಜನು ಕೊಂಡಾಡುತ್ತಾನೆ. ಆದರೆ ಲಿಯೋವಿನ 55ನೆಯ ನೂತನ ಶಾಸನವು, ಯೆಹೂದ್ಯರು ಕ್ರೈಸ್ತಧರ್ಮಾನುಸಾರವಾಗಿಯೇ ಬಾಳತಕ್ಕದ್ದೆಂದು ವಿಧಿಸುತ್ತದೆ. ಈ ವಿರೋಧವನ್ನು ಕಂಡು ವಂಶಾವಳಿಯನ್ನು ಕಟ್ಟುಕಥೆಯೆಂದು ತಳ್ಳಿಬಿಡುವುದು ಸುಲಭ; ಆದರೆ ಯುಕ್ತವಲ್ಲ. ಶಾಸನವು ಅರಸನ ಸಂಕಲ್ಪವನ್ನು ತಿಳಿಸುತ್ತದೆ. ಅದು ಆಚರಣೆಗೆ ಬಂದಿತೆಂಬುದಕ್ಕೆ ಶಾಸನವೊಂದೇ ಸಾಕ್ಷಿಯಾಗದು. ಪ್ರಜೆಗಳ ನೆನಪಿನಲ್ಲಿ ಉಳಿದುದು ಹಿಂಸೆ ನಿಂತ ಸಂಗತಿ.

ಈ ಗ್ರಂಥದ ನಿಜವಾದ ಬೆಲೆಯಿರುವುದು ಕವಿ ಸಾಧಿಸಹೊರಟ ವಿಷಯಗಳಲ್ಲಿ ಅಲ್ಲ, ಸಹಜವೆಂದು ಭಾವಿಸಿ ಹೇಳಿಬಿಟ್ಟ ವಿಷಯಗಳಲ್ಲಿ. ವೆನೋಸದ ಸಿಲಾನೊ ಎಂಬ ಪಂಡಿತನ ಪ್ರಸಂಗವನ್ನೇ ನೋಡಬಹುದು. ಪ್ಯಾಲೆಸ್ಟೈನಿನಿಂದ ಬಂದ ವಿದ್ವಾಂಸನೊಬ್ಬನು ಸಬ್ಬತ್ ದಿನ ಪ್ರಾರ್ಥನಾಮಂದಿರದಲ್ಲಿ ವ್ಯಾಖ್ಯಾನಿಸಬೇಕಾಗಿದ್ದ ಪಾಠದಲ್ಲಿ ಸಿಲಾನೊ ಗುಟ್ಟಾಗಿ ಪರಿಹಾಸದ ಪಂಕ್ತಿಗಳನ್ನು ಸೇರಿಸಿದನು, ಅದಕ್ಕಾಗಿ ಬಹಿಷ್ಕೃತನಾದನು. ಮುಂದೆ ಹಿರಿಯ ಅಹಿಮಾಜನು ಜೆರೂಸಲೆಮಿನಲ್ಲಿ ಸಿಲಾನೊ ರಚಿಸಿದ ಪ್ರಾರ್ಥನಾಗೀತವನ್ನು ಹಾಡಲು, ಅಲ್ಲಿನ ಹಿರಿಯರು ಮೆಚ್ಚಿ ಬಹಿಷ್ಕಾರವನ್ನು ತೆಗೆದರು. ಈ ಹಿರಿಯ ಅಹಿಮಾಜನು ಮೂರು ಸಲ ಯಾತ್ರೆಹೋಗಿ, ಪ್ರತಿಸಲವೂ ನೂರು ಹೊನ್ನನ್ನು ಅಲ್ಲಿನ ಧರ್ಮಶಾಸ್ತ್ರಾಧ್ಯಾಯಿಗಳಿಗೂ ದೇವಾಲಯದ ನಾಶಕ್ಕಾಗಿ ಶೋಕವ್ರತ ಹಿಡಿದವರಿಗೂ ಕೊಂಡೊಯ್ದನಂತೆ.

ಕಥೆಯ ವಿವರಗಳು ಹೇಗೇ ಇರಲಿ, ವಾರದ ಶಾಸ್ತ್ರವ್ಯಾಖ್ಯಾನ, ಬಹಿಷ್ಕಾರದ ದಂಡ, ದೂರದ ವಿದ್ಯಾಪೀಠಕ್ಕೆ ಸಲ್ಲುವ ಮನ್ನಣೆ, ದಾನದ ಏರ್ಪಾಡು ಇವುಗಳನ್ನು ಅರಿಯದ ಓದುಗರಿಗೆ ಇಂಥ ಕಥೆ ಅರ್ಥವಾಗುತ್ತಿರಲಿಲ್ಲ. ಚಕ್ರವರ್ತಿಯ ಕಾನೂನುಗಳನ್ನು ಮಾತ್ರ ಓದಿದವನಿಗೆ ಯೆಹೂದ್ಯರು ಆಜ್ಞೆಗೆ ಗುರಿಯಾದ ಮೂಕಜನವಾಗಿ ತೋರುತ್ತಾರೆ. ಅವರು ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದ ಬಗೆಯನ್ನು ಅರಿಯಬೇಕಾದರೆ ಪವಾಡಗಳ ನಡುವೆ ಹಾಯ್ದು ಈ ಕುಲಕಥೆಯನ್ನು ಓದಲೇಬೇಕು.