ಮೊಬೈಲಿನ ಕನ್ನಡ ಕೀಲಿಮಣೆಗಳು: ಒಂದು ವಿಮರ್ಶೆ

ಪುಸ್ತಕ, ನಾಟಕ, ಸಿನಿಮಾಗಳಿಗೆ ಮೀಸಲಾದ ಪುಟದಲ್ಲಿ ಮೊಬೈಲಿನ ಕೀಲಿಮಣೆಗೇನು ಕೆಲಸ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಕನ್ನಡ ಪುಸ್ತಕ ದಿನಕ್ಕೆ ಎಷ್ಟು ಸಲ ಕೈಗೆ ಬರುತ್ತದೆ, ಮೊಬೈಲು ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕಿದರೆ ಉತ್ತರ ತಾನಾಗಿ ದೊರೆಯುತ್ತದೆ. ಮದುವೆಯ ಕರೆ, ಊರಿನ ಜಮೀನಿನ ವ್ಯವಹಾರ, ಅಣ್ಣತಮ್ಮಂದಿರ ಮನಸ್ತಾಪ, ತಾಯಿಯ ಔಷಧಿಯ ಪಟ್ಟಿ, ಎಲ್ಲವೂ ಈಗ ಬೆರಳ ತುದಿಯಲ್ಲಿ ಬರೆಯಲ್ಪಡುತ್ತವೆ. ಬರೆಯುವ ಉಪಕರಣ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದೂ ವಿಮರ್ಶೆಯೇ.

ಹಿಂದೆ ಅಂಚೆ ಕಚೇರಿಗಳ ಮುಂದೆ ಕುಳಿತು, ಓದುಬರಹ ಬಾರದವರಿಗೆ ಕಾಗದ ಬರೆದುಕೊಡುವವರಿದ್ದರು. ಕಾಗದವನ್ನು ಲಕೋಟೆಗೆ ಹಾಕಿ ಅಂಟು ಬಳಿದ ಮೇಲೆ ಅಂಚೆಯವನು ಅದನ್ನು ಓದಲಾರ. ಆದರೆ ಬರೆದುಕೊಟ್ಟವನಿಗೆ ಒಳಗಿನ ಸಮಸ್ತವೂ ಗೊತ್ತು. ಮೊಬೈಲಿನ ಕೀಲಿಮಣೆ ಆ ಬರೆದುಕೊಡುವವನ ಸ್ಥಾನದಲ್ಲಿದೆ. 2016ರಿಂದ ವಾಟ್ಸಾಪ್ ಸಂದೇಶಗಳು ಕಳುಹಿಸಿದವರಿಂದ ಪಡೆದವರ ತನಕ ಬೀಗಮುದ್ರೆಯಲ್ಲೇ ಸಾಗುತ್ತವೆ, ನಿಜ. ಆದರೆ ಮುದ್ರೆ ಬೀಳುವುದು ಬರೆದಾದ ಮೇಲೆ. ಅದಕ್ಕೂ ಮೊದಲೇ ಪ್ರತಿಯೊಂದು ಅಕ್ಷರ ಕೀಲಿಮಣೆಯ ಕೈದಾಟಿ ಹೋಗಿರುತ್ತದೆ. ಬ್ಯಾಂಕಿನ ಗುಪ್ತಪದವೂ ಅಷ್ಟೆ. ಹೊಸ ಕೀಲಿಮಣೆಯೊಂದನ್ನು ಹಾಕಿಕೊಳ್ಳುವಾಗ, ನೀವು ಬರೆಯುವ ಸಕಲವನ್ನೂ ಇದು ಸಂಗ್ರಹಿಸಬಲ್ಲುದು ಎಂದು ಆಂಡ್ರಾಯ್ಡ್ ಫೋನು ತಾನೇ ಎಚ್ಚರಿಕೆ ಕೊಡುತ್ತದೆ. ನಮ್ಮಲ್ಲಿ ಬಹುಮಂದಿ ಅದನ್ನು ಓದದೆ 'ಸರಿ' ಎಂದು ಒತ್ತಿಬಿಡುತ್ತೇವೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಸ್ವಭಾವ ಸುಲಭವಾಗಿ ಹೋಗುವುದಿಲ್ಲ.

ಭಯ ಬರಿಯ ಕಲ್ಪನೆಯೆ?

ಅಲ್ಲ. ಮೂರು ನಿದರ್ಶನಗಳು ಸಾಕು. 2016ರ ಜುಲೈನಲ್ಲಿ ಸ್ವಿಫ್ಟ್‌ಕೀ ಎಂಬ ಹೆಸರಾಂತ ಕೀಲಿಮಣೆಯ ಕೆಲವು ಬಳಕೆದಾರರಿಗೆ, ತಮಗೆ ಪರಿಚಯವೇ ಇಲ್ಲದವರ ಇ-ಮೇಲ್ ವಿಳಾಸಗಳು ಪದಸಲಹೆಗಳಾಗಿ ಕಾಣಿಸಿಕೊಂಡವು. ಕಂಪನಿ ತನ್ನ ಮಾಹಿತಿ ಹೊಂದಾಣಿಕೆಯ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2017ರ ಡಿಸೆಂಬರಿನಲ್ಲಿ ಎಐ.ಟೈಪ್ ಎಂಬ ಕೀಲಿಮಣೆಯ 3 ಕೋಟಿ 10 ಲಕ್ಷ ಬಳಕೆದಾರರ ವಿವರಗಳು ಗುಪ್ತಪದದ ಕಾವಲೂ ಇಲ್ಲದ ಭಂಡಾರದಲ್ಲಿ ಬಿದ್ದಿದ್ದುದು ಬಯಲಾಯಿತು. ಬೇಲಿಯೇ ಎದ್ದು ಹೊಲ ಮೇಯದಿದ್ದರೂ, ಬೇಲಿ ಹಾಕಿದವನು ಬಾಗಿಲು ತೆರೆದಿಟ್ಟು ಹೋದರೆ ಫಲ ಒಂದೇ.

ಮೂರನೆಯದು ನಮಗೆ ಹೆಚ್ಚು ಹತ್ತಿರದ್ದು. ಚೀನೀಯರು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಬರೆದು ಚೀನೀ ಲಿಪಿ ಪಡೆಯುತ್ತಾರೆ. ಇದಕ್ಕಾಗಿ ಅನೇಕ ಕೀಲಿಮಣೆಗಳು ಬರೆದುದನ್ನು ದೂರದ ಕಂಪ್ಯೂಟರಿಗೆ ಕಳುಹಿಸಿ ಉತ್ತರ ತರಿಸುತ್ತವೆ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಸಂಸ್ಥೆ ಇಂಥ ಒಂಬತ್ತು ಕಂಪನಿಗಳ ಕೀಲಿಮಣೆಗಳನ್ನು ಪರೀಕ್ಷಿಸಿ 2024ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಎಂಟು ಕಂಪನಿಗಳಲ್ಲಿ ದೋಷ ಕಂಡಿತು. ದಾರಿಯ ನಡುವೆ ಕುಳಿತ ಮೂರನೆಯವನು ಬರಹವನ್ನು ಓದಬಹುದಾದ ದೋಷ! ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಅಭ್ಯಾಸ ನಮ್ಮಲ್ಲೂ ಬೆಳೆದಿರುವುದರಿಂದ, ಈ ಪಾಠ ಚೀನಾಕ್ಕೆ ಮಾತ್ರ ಸೇರಿದ್ದಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಹಕ್ಕು ನ್ಯಾಯಾಲಯದಿಂದ ಬಂದಿದೆ. ಅದನ್ನು ಮನೆಯಲ್ಲಿ ಉಳಿಸಿಕೊಳ್ಳುವ ಕೆಲಸ ನಮ್ಮದು.

ಅಳತೆಗೋಲು

ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಒಂದು ನಿಯಮ ಚೆನ್ನಾಗಿ ಗೊತ್ತು: ಕಾಗದ ಕಚೇರಿಯಿಂದ ಹೊರಗೆ ಹೋಗಬೇಕಾದರೆ ರಿಜಿಸ್ಟರಿನಲ್ಲಿ ನಮೂದಾಗಿರಬೇಕು. ಕೀಲಿಮಣೆಗೂ ಅದೇ ಪ್ರಶ್ನೆ ಹಾಕೋಣ. ಇದಕ್ಕೆ ಹೊರಗೆ ಹೋಗುವ ದಾರಿ ಇದೆಯೆ? ಇದ್ದರೆ ಏನು ಹೋಗುತ್ತದೆಂದು ನೋಡಲು ಬರುತ್ತದೆಯೆ? ಮತ್ತು ಕನ್ನಡವನ್ನು ಕನ್ನಡವಾಗಿ ಬರೆಯುತ್ತದೆಯೆ?

ಮೊದಲ ಪ್ರಶ್ನೆಗೆ ಉತ್ತರ ಆ್ಯಪಿನ ಅನುಮತಿಗಳ ಪಟ್ಟಿಯಲ್ಲಿದೆ. ಆಂಡ್ರಾಯ್ಡ್‌ನಲ್ಲಿ ಇಂಟರ್ನೆಟ್ ಬಳಸುವ ಅನುಮತಿಯನ್ನು ನಮ್ಮಿಂದ ಕೇಳುವ ಪದ್ಧತಿಯಿಲ್ಲ. ಬೇಡಿದ ಆ್ಯಪಿಗೆ ಅದು ತಾನಾಗಿ ದೊರೆಯುತ್ತದೆ. ಬೇಡದೆಯೇ ಇರುವ ಕೀಲಿಮಣೆ ಮಾತ್ರ ತಾನಾಗಿ ಏನನ್ನೂ ಹೊರಗೆ ಸಾಗಿಸಲಾರದು. ಐಫೋನಿನಲ್ಲಿ ಹೊರಗಿನ ಕೀಲಿಮಣೆಗಳು 'ಪೂರ್ಣ ಪ್ರವೇಶ' ಕೇಳುತ್ತವೆ. ಕೊಡದಿದ್ದರೆ ಅವುಗಳಿಗೆ ಇಂಟರ್ನೆಟ್ ಸಿಗದು.

ಎರಡನೆಯ ಪ್ರಶ್ನೆಗೆ ಉತ್ತರ ಮುಕ್ತ ತಂತ್ರಾಂಶದಲ್ಲಿದೆ. ಅದರ ಮೂಲ ಸಂಕೇತ, ಅಂದರೆ ಅಡುಗೆಯ ಪೂರ್ತಿ ವಿಧಾನ, ಎಲ್ಲರ ಮುಂದೆ ಇರುತ್ತದೆ. ನಾವು ಓದಲಾರೆವು, ನಿಜ. ಆದರೆ ಓದಬಲ್ಲವರು ಓದಬಹುದು, ತಪ್ಪು ಹಿಡಿಯಬಹುದು, ತಿದ್ದಬಹುದು. ಮುಕ್ತ ಎಂದೊಡನೆ ಸುರಕ್ಷಿತ ಎಂದು ತಿಳಿಯಬಾರದು. ಯಾರೂ ತೆರೆದು ನೋಡದ ಪುಸ್ತಕದಲ್ಲಿ ಅಚ್ಚಿನ ತಪ್ಪುಗಳು ಉಳಿದೇ ಇರುತ್ತವೆ. ಆದರೂ ಮುಚ್ಚಿದ ಪುಸ್ತಕಕ್ಕಿಂತ ತೆರೆದ ಪುಸ್ತಕ ಮೇಲು.

ಕನ್ನಡದ ಪರೀಕ್ಷೆ

ನಾವಿರುವ ರಾಯಪುರದಲ್ಲಿ 1856ರಲ್ಲಿ ದಕ್ಷಿಣ ಭಾರತದ ಮೊದಲ ರೈಲು ನಿಲ್ದಾಣ ತೆರೆಯಿತು. ಮುಂದೆ ದೇಶದಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್ ಎಂದು ಹಳಿಗಳು ಬೇರೆಯಾಗಿ, ನಡುದಾರಿಯಲ್ಲಿ ಸಾಮಾನು ಇಳಿಸಿ ಏರಿಸುವ ಕಷ್ಟ ಬಂದಿತು. ಕನ್ನಡ ಕೀಲಿಮಣೆಯ ಕಥೆಯೂ ಹೀಗೆಯೇ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತೀಯ ಭಾಷೆಗಳಿಗೆಲ್ಲ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು ಗೊತ್ತುಪಡಿಸಿತು. ಅದರಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಧ್ವನಿಗಳನ್ನು ಕೂರಿಸಿ ಬೇರೊಂದು ವಿನ್ಯಾಸ ಮಾಡಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಅದೇ ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಬಂತು. ಅದರಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ ಒತ್ತಿದರೆ 'ಕನ್ನಡ' ಎಂದಾಗುತ್ತದೆ. ಎಫ್ ಎಂಬುದು ಒತ್ತಕ್ಷರ ಕೂಡಿಸುವ ಕೊಂಡಿ. ಎಷ್ಟು ಅಚ್ಚುಕಟ್ಟು!

ಮೂರನೆಯದು ಲಿಪ್ಯಂತರ: ಇಂಗ್ಲಿಷಿನಲ್ಲಿ ಉಚ್ಚಾರಣೆ ಬರೆದರೆ ಯಂತ್ರ ಕನ್ನಡವನ್ನು ಊಹಿಸುವುದು. ಬಹುಮಂದಿಗೆ ಇದೇ ಪ್ರಿಯ. ಆದರೆ ಅದರ ದೋಷವೂ ಅಲ್ಲೇ ಇದೆ. ಎಚ್, ಎ, ಎರಡು ಎಲ್, ಐ ಎಂದು ಒತ್ತಿದರೆ ಅದು ಹಳ್ಳಿಯೋ ಹಲ್ಲಿಯೋ? ಬೆಲೆಯೋ ಬೆಳೆಯೋ ಬೇಳೆಯೋ? ಊಹೆ ಸರಿಯಾಗಬೇಕಾದರೆ ಯಂತ್ರಕ್ಕೆ ಕೋಟ್ಯಂತರ ಪದಗಳ ಬಳಕೆ ಗೊತ್ತಿರಬೇಕು. ಆ ಭಂಡಾರ ದೊಡ್ಡ ಕಂಪನಿಗಳ ಬಳಿ ಇದೆ. ಅನುಕೂಲದ ಆಸೆಯಲ್ಲಿ ಖಾಸಗಿತನ ಕಳೆದುಕೊಳ್ಳುವ ಅಪಾಯ ಇಲ್ಲಿಯೇ ಹುಟ್ಟುತ್ತದೆ.

ವಾಚಕರು ಯಾವ ಕೀಲಿಮಣೆಯನ್ನು ಆರಿಸಿದರೂ ಈ ಪದಗಳನ್ನು ಬರೆದು ನೋಡಲಿ. 'ಸೂರ್ಯ': ಅರ್ಕಾವತ್ತು ಸರಿಯಾಗಿ ಬಂತೆ? 'ರ‍್ಯಾಂಕ್': ರಕಾರಕ್ಕೆ ಯ ಒತ್ತು ಕೆಳಗೆ ಬಂತೆ, ಅಥವಾ ಅರ್ಕಾವತ್ತಾಗಿ ತಿರುಗಿತೆ? 'ರಾಜ್‌ಕುಮಾರ್': ಜಕಾರದ ಕೆಳಗೆ ಕ ಒತ್ತು ಬಿದ್ದು ನಮ್ಮ ನಟಸಾರ್ವಭೌಮರ ಹೆಸರು ಕೆಟ್ಟರೆ ಆ ಕೀಲಿಮಣೆ ಅಷ್ಟರಮಟ್ಟಿಗೆ ಅನುತ್ತೀರ್ಣ. ಇದಕ್ಕೆ ಬೇಕಾದುದು ಕಣ್ಣಿಗೆ ಕಾಣದ ಒಂದು ತಡೆಯಕ್ಷರ. ಅದಕ್ಕೊಂದು ಕೀಲಿ ಇರಲೇಬೇಕು. ಹಳಗನ್ನಡ ಓದುವ ಹಿರಿಯರು ಱ, ೞಗಳನ್ನೂ ಹುಡುಕಲಿ.

ಗುಣದೋಷಗಳು

ಮೊದಲು ಮುಚ್ಚಿದ ಕೀಲಿಮಣೆಗಳ ಮುಖ್ಯಸ್ಥ ಜಿಬೋರ್ಡ್. ನ್ಯಾಯವಾಗಿ ಹೇಳಬೇಕೆಂದರೆ ಅದರ ಕನ್ನಡ ಸೌಕರ್ಯ ದೊಡ್ಡದು. ಲಿಪ್ಯಂತರ, ಕೈಬರಹ, ಮಾತು ಕೇಳಿ ಬರೆಯುವುದು, ಎಲ್ಲ ಉಂಟು. ಬಳಕೆದಾರರ ಬರಹವನ್ನು ಫೋನಿನಲ್ಲೇ ಇಟ್ಟುಕೊಂಡು, ಅದರಿಂದ ಕಲಿತ ಸಾರವನ್ನಷ್ಟೇ ತರಿಸಿಕೊಳ್ಳುವ ವಿಧಾನವೊಂದನ್ನು ಗೂಗಲ್ 2017ರಲ್ಲಿ ಪ್ರಕಟಿಸಿತು. ಇದು ಸ್ತುತ್ಯ. ಆದರೆ ಮೂಲ ಸಂಕೇತ ಮುಚ್ಚಿರುವುದರಿಂದ ನಾವು ಮಾತನ್ನು ನಂಬಬೇಕೇ ಹೊರತು ಪರೀಕ್ಷಿಸಿ ನೋಡುವಂತಿಲ್ಲ. ಬಿ.ಎಸ್ಸಿ. ಓದುವಾಗ ಪ್ರಯೋಗ ಮಾಡದೆ ಫಲಿತಾಂಶ ಬರೆದರೆ ಮೇಷ್ಟರು ಸಹಿ ಹಾಕುತ್ತಿರಲಿಲ್ಲ.

ಮುಕ್ತವಾದವುಗಳಲ್ಲಿ ನಮ್ಮ ಭಾಷೆಗಳಿಗಾಗಿಯೇ ಹುಟ್ಟಿದ್ದು ಇಂಡಿಕ್ ಕೀಬೋರ್ಡ್. ಇದರ ಹಿಂದೆ ಇರುವವರು ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದೊಡನೆ ಬೆಳೆದ ಸ್ವಯಂಸೇವಕರು. ತಮ್ಮ ಭಾಷೆಗೆಂದು ತೊಡಗಿ, ಕನ್ನಡವೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಬಡಿಸಿದ ಉದಾರಿಗಳು ಇವರು. ಇನ್‌ಸ್ಕ್ರಿಪ್ಟೂ ಲಿಪ್ಯಂತರವೂ ಎರಡೂ ಇರುವುದು ಇದರ ದೊಡ್ಡ ಗುಣ. ಇಂಗ್ಲಿಷ್ ಕೀಲಿಯ ಅಭ್ಯಾಸವಿರುವವರು ಒಮ್ಮೆಗೇ ಕಕ್ಕಾಬಿಕ್ಕಿಯಾಗಬೇಕಿಲ್ಲ. ಆದರೆ ಸ್ವಯಂಸೇವಕರ ಬಿಡುವಿನ ವೇಳೆಯ ಕೆಲಸವಾದ್ದರಿಂದ ಕಂಪನಿಗಳ ವೇಗವನ್ನು ನಿರೀಕ್ಷಿಸಬಾರದು.

ಹೆಲಿಬೋರ್ಡ್ ಇನ್ನೊಂದು. ಆಂಡ್ರಾಯ್ಡ್‌ನ ಮುಕ್ತ ಕೀಲಿಮಣೆಯಿಂದ ಓಪನ್‌ಬೋರ್ಡ್, ಅದರಿಂದ ಇದು, ಹೀಗೆ ವಂಶಾವಳಿ. ಇಂಟರ್ನೆಟ್ ಅನುಮತಿಯನ್ನೇ ಇದು ಬೇಡುವುದಿಲ್ಲ. ನಮ್ಮ ಮೊದಲ ಅಳತೆಗೋಲಿನಲ್ಲಿ ಪೂರ್ಣ ಅಂಕ. ಕನ್ನಡ ವಿನ್ಯಾಸ ಇನ್‌ಸ್ಕ್ರಿಪ್ಟಿನ ಜಾಡಿನದು. ಪದಕೋಶವನ್ನು ಬೇರೆ ಕಡತವಾಗಿ ತಂದು ಸೇರಿಸಬಹುದು. ವಿನ್ಯಾಸವನ್ನೇ ಬಳಕೆದಾರ ತಿದ್ದಿಕೊಳ್ಳಬಹುದು. ಆದ್ದರಿಂದ ಇಲ್ಲದ ಕೀಲಿಯನ್ನು ಕೂಡಿಸಿಕೊಳ್ಳುವುದು, ಕೆ.ಪಿ. ರಾವ್ ವಿನ್ಯಾಸವನ್ನೇ ಅಳವಡಿಸುವುದು ತಿಳಿದವರಿಗೆ ಅಸಾಧ್ಯವಲ್ಲ. ದೋಷವೂ ಉಂಟು: ಬೆರಳು ಎಳೆದು ಬರೆಯುವ ಸೌಲಭ್ಯಕ್ಕೆ ಮುಚ್ಚಿದ ಮೂಲದ ಒಂದು ಭಾಗವನ್ನು ಬಳಕೆದಾರನೇ ತಂದು ಹಾಕಬೇಕು. ಆ ಸೌಲಭ್ಯವಿಲ್ಲದೆಯೂ ನಮಗೆ ನಡೆಯುತ್ತದೆ.

ಎನಿಸಾಫ್ಟ್‌ಕೀಬೋರ್ಡ್ ಹಳೆಯ ಸೇವಕ. ಭಾಷೆಗಳು ಬೇರೆ ಬೇರೆ ಪೊಟ್ಟಣಗಳಾಗಿ ಬರುತ್ತವೆ. ಫ್ಯೂಟೊ ಕೀಬೋರ್ಡಿನ ಮೂಲ ಸಂಕೇತ ನೋಡಲು ಸಿಗುತ್ತದೆ, ಆದರೆ ಅದರ ಪರವಾನಗಿಗೆ ನಿರ್ಬಂಧಗಳಿರುವುದರಿಂದ ಕಟ್ಟುನಿಟ್ಟಾಗಿ ಅದನ್ನು ಮುಕ್ತ ತಂತ್ರಾಂಶ ಎನ್ನಲಾಗದು. ನೋಡಲು ಬಿಡುವುದು ಬೇರೆ, ಹಂಚಲು ಬಿಡುವುದು ಬೇರೆ.

ಮುಕ್ತ ಕೀಲಿಮಣೆಗಳೆಲ್ಲವುಗಳ ಮೇಲೂ ನಮ್ಮ ಆಕ್ಷೇಪಣೆ ಒಂದೇ: ಕನ್ನಡದ ಪದಸಲಹೆ ಬಡವಾಗಿದೆ. 'ಹೋಗುತ್ತೇನೆ' ಎಂಬಷ್ಟು ಉದ್ದದ ಪದವನ್ನು ಕೀಲಿ ಕೀಲಿಯಾಗಿ ಒತ್ತುವಾಗ ಬೆರಳು ಸೋಲುತ್ತದೆ. ಕನ್ನಡದಲ್ಲಿ ಒಂದು ಧಾತುವಿಗೆ ಕಾಲ, ಲಿಂಗ, ವಚನ, ವಿಭಕ್ತಿಗಳು ಸೇರಿ ನೂರು ರೂಪ. ಇಂಗ್ಲಿಷಿನ ಪದಪಟ್ಟಿಯ ಕ್ರಮ ಇಲ್ಲಿ ಸಾಲದು. ಇದನ್ನು ಹೊರಗಿನವರು ಬಂದು ಮಾಡಿಕೊಡುವುದಿಲ್ಲ. ಕನ್ನಡ ಬಲ್ಲವರು ಪದಪಟ್ಟಿ ಕೊಟ್ಟರೆ ಸೇರಿಸಿಕೊಳ್ಳುವ ಬಾಗಿಲು ಮುಕ್ತ ತಂತ್ರಾಂಶದಲ್ಲಿ ಮಾತ್ರ ಇದೆ.

ನಮ್ಮ ಅಭಿಪ್ರಾಯ

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಬೇರೆಯವರಿಗಿಂತ ಹೆಚ್ಚಿನ ಪಾಲಿದೆ. 2006ರ ತಮಿಳು ಕಲಿಕೆ ಕಾಯ್ದೆಯಂತೆ ಇಲ್ಲಿನ ಶಾಲೆಗಳಲ್ಲಿ ತಮಿಳು ಕಡ್ಡಾಯ. ಇರುವ ನಾಡಿನ ಭಾಷೆ ಮಕ್ಕಳಿಗೆ ಬರುವುದು ಒಳ್ಳೆಯದೇ. ತಮಿಳರಂತೂ 1999ರಲ್ಲೇ ಈ ಊರಿನಲ್ಲಿ ಸಮ್ಮೇಳನ ಕೂಡಿ ತಮಿಳು-99 ಎಂಬ ಒಂದೇ ವಿನ್ಯಾಸವನ್ನು ನಿಶ್ಚಯಿಸಿಕೊಂಡರು. ನಮ್ಮ ಮಕ್ಕಳಿಗಾದರೋ ಮಾತಿನಲ್ಲಿ ಕನ್ನಡವಿದೆ, ಕಣ್ಣಿನಲ್ಲಿ ಇಲ್ಲ. ಲಿಪ್ಯಂತರದ ಕೀಲಿಮಣೆ ಅವರಿಗೆ ಕನ್ನಡ ಅಕ್ಷರ ಕಲಿಯುವ ಅಗತ್ಯವನ್ನೇ ತಪ್ಪಿಸುತ್ತದೆ. ಇನ್‌ಸ್ಕ್ರಿಪ್ಟಿನಲ್ಲಿ ಕೀಲಿಯ ಮೇಲೆ ಕಾಣುವುದು ಕನ್ನಡ ಅಕ್ಷರವೇ. ಲ ಯಾವುದು, ಳ ಯಾವುದು ಎಂದು ಹುಡುಕಿ ಒತ್ತುವ ಮಗು ತಿಂಗಳೊಪ್ಪತ್ತಿನಲ್ಲಿ ವರ್ಣಮಾಲೆಯ ಪರಿಚಯ ಮಾಡಿಕೊಳ್ಳುತ್ತದೆ. ಖಾಸಗಿತನಕ್ಕೆಂದು ಆರಿಸಿದ ಕೀಲಿಮಣೆ ಅಕ್ಷರಾಭ್ಯಾಸದ ಮರಳುತಟ್ಟೆಯೂ ಆಗುತ್ತದೆ. ನಿಧಾನ ಎಂದು ನಾವು ದೂರುವ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಆದ್ದರಿಂದ ನಮ್ಮ ಶಿಫಾರಸು ಹೀಗೆ. ಮಕ್ಕಳ ಮತ್ತು ಕಲಿಯಲು ಮನಸ್ಸಿರುವವರ ಫೋನಿನಲ್ಲಿ ಹೆಲಿಬೋರ್ಡ್. ಇಂಗ್ಲಿಷ್ ಕೀಲಿಗಳನ್ನು ಬಿಡಲಾರದವರಿಗೆ ಇಂಡಿಕ್ ಕೀಬೋರ್ಡ್. ಎರಡೂ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರದಲ್ಲಿ ಹಣವಿಲ್ಲದೆ ದೊರೆಯುತ್ತವೆ. ಬೆರಳು ನಡುಗುವ ಹಿರಿಯರಿಗೆ ಮಾತು ಕೇಳಿ ಬರೆಯುವ ದೊಡ್ಡ ಕಂಪನಿಯ ಕೀಲಿಮಣೆಯೇ ಬೇಕಾದೀತು. ಅದನ್ನು ಕಿತ್ತುಕೊಳ್ಳುವುದು ನಿಷ್ಠುರತೆ. ಅಂಥವರ ಫೋನಿನಲ್ಲಿ ಎರಡನ್ನೂ ಇಟ್ಟು, ಬ್ಯಾಂಕಿನ ಕೆಲಸಕ್ಕೆ ಮಾತ್ರ ಇಂಟರ್ನೆಟ್ ಇಲ್ಲದ ಕೀಲಿಮಣೆಗೆ ತಿರುಗಿಸುವುದನ್ನು ಮನೆಯ ಕಿರಿಯರು ಹೇಳಿಕೊಡಲಿ. ಜಾಹೀರಾತಿನೊಡನೆ ಬರುವ, ಮಾಡಿದವರ ಹೆಸರು ವಿಳಾಸ ತಿಳಿಯದ ಕೀಲಿಮಣೆಗಳನ್ನು ಮಾತ್ರ ಇಂದೇ ತೆಗೆದುಹಾಕುವುದು ಕ್ಷೇಮ.

ಸಂಘದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ರಾಜ್ಯೋತ್ಸವದಂದು ಭಾಷಣಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿ, ಬಂದವರ ಫೋನುಗಳಲ್ಲಿ ಇವನ್ನು ಹಾಕಿಕೊಡುವ ಏರ್ಪಾಡು ಮಾಡಬಹುದು. ನಮ್ಮ ಹುಡುಗರಲ್ಲಿ ಕಂಪ್ಯೂಟರ್ ಬಲ್ಲವರಿಗೆ ಕೊರತೆಯಿಲ್ಲ. ಹಿರಿಯರಲ್ಲಿ ಕನ್ನಡ ಬಲ್ಲವರಿಗೂ ಕೊರತೆಯಿಲ್ಲ. ಇವರಿಬ್ಬರೂ ಒಂದು ಮೇಜಿನ ಸುತ್ತ ಕುಳಿತರೆ ಆ ಬಡ ಪದಕೋಶಕ್ಕೂ ನಾಲ್ಕು ಪದ ಸೇರೀತು.