ಬೆಟ್ಟ ಇಳಿಯಲು ಬಸ್ಕಿ ಸಾಕೇ?

ನರಕ ಚತುರ್ದಶಿಯ ಬೆಳಗ್ಗೆ ಬಿಂಡಿಗ ದೇವೀರಮ್ಮನ ಬೆಟ್ಟದ ಬುಡದಲ್ಲಿ ಅರ್ಧ ಗಂಟೆ ನಿಂತವರಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹತ್ತುವವರು ಏದುಸಿರು ಬಿಡುತ್ತಿರುತ್ತಾರೆ, ಆದರೆ ಅವರ ಕಾಲು ಗಟ್ಟಿಯಾಗಿ ಊರುತ್ತದೆ. ಇಳಿಯುವವರ ಉಸಿರು ಸರಾಗವಾಗಿರುತ್ತದೆ, ಮಂಡಿ ಮಾತ್ರ ಗಡಗಡ ನಡುಗುತ್ತದೆ. ಪಾದವನ್ನು ಅಡ್ಡ ಇಟ್ಟು, ಹುಲ್ಲಿನ ಬುಡ ಹಿಡಿದು, ಕೆಲವರು ಕೂತೇ ಜಾರುತ್ತಾ ಬರುತ್ತಾರೆ. ಅವರ ಪಕ್ಕದಲ್ಲೇ ತೋಟದ ಕೆಲಸದ ಹೆಂಗಸರು ಬರಿಗಾಲಲ್ಲಿ, ಮಂಡಿಯನ್ನು ಚೂರೇ ಮಡಿಸಿ, ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ಮಾತಾಡುತ್ತಾ ಇಳಿದುಬಿಡುತ್ತಾರೆ.

ಮೊಬೈಲಿನಲ್ಲಿ ಹರಿದಾಡುವ ‘30 ದಿನ, 100 ಬಸ್ಕಿ’ ಎಂಬ ಪಂಥಾಹ್ವಾನವನ್ನು ಅಳೆದುನೋಡಬೇಕಾದದ್ದು ಈ ಇಳಿಜಾರಿನಲ್ಲೇ. ಮುಳ್ಳಯ್ಯನಗಿರಿಯ ಸರ್ಪದಾರಿಗೋ, ಕಳಸದ ಕಡೆಯ ಕುದುರೆಮುಖಕ್ಕೋ ಹೊರಡುವ ಪಟ್ಟಣದ ಹುಡುಗ ಹುಡುಗಿಯರು ಈಗ ಮನೆಯಲ್ಲೇ ಕಾಲು ಹುರಿಗೊಳಿಸಿಕೊಳ್ಳಲು ನೋಡುತ್ತಾರೆ. ಅದು ಒಳ್ಳೆಯ ಬುದ್ಧಿಯೇ. 1,894 ಮೀಟರ್ ಎತ್ತರದ ಕುದುರೆಮುಖಕ್ಕೆ ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಅದರಲ್ಲಿ ಅರ್ಧ ದಾರಿ ಇಳಿಜಾರು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಸ್ಕಿಯನ್ನು ಹಗುರವಾಗಿ ಕಾಣುವಂತಿಲ್ಲ. ಕಿವಿ ಹಿಡಿದು ತೆಗೆಸುವ ಶಿಕ್ಷೆಯಾಗಿ ಶಾಲೆಗಳಲ್ಲಿ ಅದರ ಮಾನ ಹೋಯಿತು, ನಿಜ. ಗರಡಿಮನೆಯಲ್ಲಿ ಮಾತ್ರ ದಂಡ, ಬಸ್ಕಿಗಳೇ ಸಾಮಿನ ತಳಪಾಯ. ಗಾಮಾ ಪೈಲ್ವಾನ್ ದಿನಕ್ಕೆ ಸಾವಿರಗಟ್ಟಲೆ ಬೈಠಕ್ ಹೊಡೆಯುತ್ತಿದ್ದನೆಂಬ ಮಾತು ಇಂದಿಗೂ ಅಖಾಡಗಳಲ್ಲಿ ಓಡಾಡುತ್ತದೆ. ಮನೆಯಲ್ಲೇ ಮೈ ಪಳಗಿಸುವುದೂ ಹೊಸತಲ್ಲ: 1930ರಲ್ಲಿ ‘ಮಸಲ್ ಕಲ್ಟ್’ ಬರೆದ ಬೆಂಗಳೂರಿನ ಕೆ.ವಿ. ಅಯ್ಯರ್ ಅಂಚೆಯ ಮೂಲಕವೇ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ‘ರೂಪದರ್ಶಿ’ ಕಾದಂಬರಿಕಾರರೆಂದು ಇಂದು ನೆನಪಾಗುವ ಈ ಮನುಷ್ಯ, ಸೂರ್ಯನಮಸ್ಕಾರವನ್ನು ಮೈಕಟ್ಟಿನ ಸಾಧನೆಗೆ ಜೋಡಿಸಿದವರು.

ಹೆಚ್ಚು ಭಾರವಿಲ್ಲದೆ ಹೆಚ್ಚು ಸಲ ಮಾಡಿದರೆ ಸ್ನಾಯುವಿನ ತಾಳಿಕೆ ಬೆಳೆಯುತ್ತದೆ ಎಂಬುದು ವ್ಯಾಯಾಮ ವಿಜ್ಞಾನ ಒಪ್ಪಿದ ಮಾತು. ಒಂದೊಂದು ಸುತ್ತಿಗೆ 15ರಿಂದ 25 ಸಲ, ನಡುವೆ ಸ್ವಲ್ಪವೇ ವಿಶ್ರಾಂತಿ. ಹೀಗೆ ವಾರಗಟ್ಟಲೆ ಮಾಡಿದರೆ ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಬಲಿಯುತ್ತದೆ. ಹತ್ತುವ ಕೆಲಸಕ್ಕೆ ಬಸ್ಕಿ ಇಷ್ಟನ್ನು ನಿಜಕ್ಕೂ ಕೊಡುತ್ತದೆ.

ಸೋಲುವುದು ಇಳಿಯುವಾಗ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಬ್ರೇಕಿನ ಕೆಲಸ ಮಾಡುತ್ತದೆ, ಅದೂ ಪ್ರತಿ ಹೆಜ್ಜೆಗೆ ಮೈಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹೊತ್ತು. ನಾರುಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುವುದು ಈ ಹಂತದಲ್ಲೇ ಹೆಚ್ಚು. ಬೆಟ್ಟದಿಂದ ಬಂದವರು ಒಂದರಿಂದ ಮೂರು ದಿನ ಶೌಚಕ್ಕೆ ಕೂರಲೂ ಗೋಳಾಡುವುದಕ್ಕೆ ಕಾರಣ ಇದು. ಲ್ಯಾಕ್ಟಿಕ್ ಆಮ್ಲದ ಮೇಲೆ ಹೊರಿಸುವ ಆರೋಪ ಸುಳ್ಳು. ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ಬಸ್ಕಿಯಲ್ಲೂ ಇಳಿಯುವ ಭಾಗವಿದೆಯಲ್ಲ ಎನ್ನಬಹುದು. ಇದೆ. ಆದರೆ ನೂರರ ಲೆಕ್ಕ ಮುಗಿಸುವ ಆತುರದಲ್ಲಿರುವವನು ದಬಕ್ಕನೆ ಕೂರುತ್ತಾನೆ, ಭಾರವೂ ಎರಡು ಕಾಲಿಗೆ ಹಂಚಿಹೋಗುತ್ತದೆ. ಬೆಟ್ಟ ಕೇಳುವ ಕೆಲಸ ಅಲ್ಲಿ ನಡೆಯುವುದೇ ಇಲ್ಲ.

ಇದಕ್ಕೆ ಮದ್ದು ಮನೆಯ ಜಗಲಿಯಲ್ಲೇ ಇದೆ. ಮೂಡಿಗೆರೆ ಕಡೆಯ ಯಾವುದೇ ಹಳೆಯ ಮನೆಯ ಮೆಟ್ಟಿಲು ಸಾಕು. ಮೆಟ್ಟಿಲ ಮೇಲೆ ಬಲಗಾಲು, ಎಡಗಾಲು ಗಾಳಿಯಲ್ಲಿ. ಬಲ ಮಂಡಿಯನ್ನು ಮಡಿಸುತ್ತಾ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ, ಎಡ ಹಿಮ್ಮಡಿ ನೆಲಕ್ಕೆ ಮೆಲ್ಲಗೆ ಮುಟ್ಟುವವರೆಗೆ ಇಳಿಯಬೇಕು. ಮುಟ್ಟಿಸಬೇಕು, ಊರಬಾರದು, ಮತ್ತೆ ಮೇಲೆ. ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳುಗಳ ನೇರಕ್ಕೇ ಬರಬೇಕು. ನೂರು ಬಸ್ಕಿ ಹೊಡೆಯುವವನ ತೊಡೆಯೂ ಹತ್ತನೇ ಸಲಕ್ಕೆ ನಡುಗತೊಡಗುತ್ತದೆ, ಬೆಟ್ಟದ ಇಳಿಜಾರಿನಲ್ಲಿ ನಡುಗಿದ ಹಾಗೆಯೇ. ಕಾಲಿಗೆ ಎಂಟರಂತೆ ಎರಡು ಸುತ್ತಿನಿಂದ ಶುರುಮಾಡಿ, ವಾರಕ್ಕೆ ಎರಡು ಮೂರು ದಿನ ಮಾಡಿದರೆ ಸಾಕು. ಇಂಥ ಕೆಲಸಕ್ಕೆ ಒಮ್ಮೆ ಒಡ್ಡಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ತೋಟದ ಹೆಂಗಸರ ಗುಟ್ಟೂ ಇದೇ ಇರಬೇಕು. ಕುಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣಿನ ಚೀಲ ಹೊತ್ತು ಇಳಿಜಾರಿನ ತೋಟದಲ್ಲಿ ಹತ್ತಿ ಇಳಿಯುವ ಕಾಲಿಗೆ ಬೇರೆ ಪಾಠ ಬೇಕಿಲ್ಲ.

ಗೋಡೆಗೆ ಬೆನ್ನು ಕೊಟ್ಟು ಕೂರುವ ಭಂಗಿಗೆ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು. ತೊಡೆ ಉರಿಯುತ್ತದೆ, ಮಂಡಿ ಚಲಿಸುವುದಿಲ್ಲ. ಸೂರ್ಯನಮಸ್ಕಾರ ಇಡೀ ಮೈಗೆ ಉತ್ತಮ, ಆದರೆ ಅದರಲ್ಲಿ ಕಾಲಿನ ಮೇಲೆ ಬೀಳುವ ಭಾರ ಬೆಟ್ಟಕ್ಕೆ ಸಾಲದು. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದನ್ನು ಮಾತ್ರ ಬಿಡಬಾರದು. ಒಂಟಿ ಕಾಲಲ್ಲಿ 25 ಸಲ ಎತ್ತುವುದು ಮೀನಖಂಡಕ್ಕೆ ಫಿಸಿಯೋಥೆರಪಿಯವರು ಇಟ್ಟುಕೊಂಡಿರುವ ಹಳೆಯ ಅಳತೆ. ದಮ್ಮು ನೋಡಿಕೊಳ್ಳಲು ಮೆಟ್ಟಿಲು ಹತ್ತಿ ಇಳಿಯುವ ಪರೀಕ್ಷೆಯೇ ಇದೆ: 1943ರ ಹಾರ್ವರ್ಡ್ ಪರೀಕ್ಷೆಯಲ್ಲಿ 51 ಸೆಂಟಿಮೀಟರ್ ಎತ್ತರದ ಪೀಠವನ್ನು ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿ ಇಳಿಸುತ್ತಿದ್ದರು. ಜಗಲಿಯ ಮೆಟ್ಟಿಲು ಅದರ ಅರ್ಧದಷ್ಟೂ ಇರುವುದಿಲ್ಲ, ಆದ್ದರಿಂದ ಹೊಸಬರಿಗೆ ಹೇಳಿ ಮಾಡಿಸಿದಂತಿದೆ.

ಪಂಥಾಹ್ವಾನದ ವಿರುದ್ಧ ಇನ್ನೂ ದೊಡ್ಡ ದೂರಿದೆ. ಅಭ್ಯಾಸವೇ ಇಲ್ಲದವರು ಮೊದಲ ದಿನವೇ ನೂರಾರು ಬಸ್ಕಿ ಹೊಡೆದು, ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ತೊಡೆ ಊದಿಕೊಂಡು ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಶಿಕ್ಷೆಯ ಹೆಸರಿನಲ್ಲಿ ಮಕ್ಕಳಿಂದ ಲೆಕ್ಕವಿಲ್ಲದೆ ಬಸ್ಕಿ ತೆಗೆಸುವವರೂ ಇದನ್ನು ತಿಳಿದಿರಬೇಕು.

ಮಲೆನಾಡಿನವರಿಗಂತೂ ಮನೆಯೊಳಗಿನ ಈ ಅಭ್ಯಾಸ ಅನಿವಾರ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರ, ಕಳಸದ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ; ದಾರಿಯೆಲ್ಲ ಜಾರು, ಹೆಜ್ಜೆಗೊಂದು ಇಂಬಳ. ಆ ನಾಲ್ಕು ತಿಂಗಳು ಕೂತೇ ಕಳೆದ ಕಾಲು ದೀಪಾವಳಿಗೆ ಏಕಾಏಕಿ ದೇವೀರಮ್ಮನ ಬೆಟ್ಟ ಹತ್ತಬೇಕು ಎಂದರೆ ಹೇಗೆ? ಬೆಟ್ಟಕ್ಕೆ ಆರೆಂಟು ವಾರ ಮೊದಲೇ ಜಗಲಿಯ ಮೆಟ್ಟಿಲಿಗೆ ಇಳಿಯಿರಿ. ಬಸ್ಕಿ ಇರಲಿ, ಆದರೆ ನಿಧಾನವಾಗಿ ಕೂರಿ. ಮಂಡಿನೋವು ಮೊದಲೇ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಲಿ. ಕಾಲಿಗೆ ಕಷ್ಟ ಕೊಡುವ ಕೊನೆಯ ಅಭ್ಯಾಸ ಬೆಟ್ಟಕ್ಕೆ ಒಂದು ವಾರ ಮುಂಚೆಯೇ ಮುಗಿದಿರಲಿ.