‘ನಂತರ’ ಎಂದರೆ ಎಷ್ಟು ವರ್ಷದ ನಂತರ?

ಬೊಜ್ಜಿನ ಆಪರೇಷನ್ನಿನ ಜಾಹೀರಾತೆಂದರೆ ಎರಡು ಫೋಟೊ. ಎಡಕ್ಕೆ ‘ಮೊದಲು’, ಬಲಕ್ಕೆ ‘ನಂತರ’. ಎಡಗಡೆಯ ಮುಖದಲ್ಲಿ ನಗುವಿಲ್ಲ, ಬೆಳಕೂ ಮಂಕು. ಬಲಗಡೆ ಅದೇ ವ್ಯಕ್ತಿ ಹಳೆಯ ಪ್ಯಾಂಟು ತೊಟ್ಟು, ಅದರ ಸೊಂಟವನ್ನು ಗೇಣುದ್ದ ಮುಂದಕ್ಕೆಳೆದು ಹಿಡಿದು ನಿಂತಿರುತ್ತಾರೆ. ಇಂಥ ಜೋಡಿಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಲಗಡೆಯ ಫೋಟೊದ ಕೆಳಗೆ ತಾರೀಖು ಕಂಡ ನೆನಪಿಲ್ಲ. ಆಪರೇಷನ್ನಿನ ಬಗ್ಗೆ ನನಗೆ ತಕರಾರಿಲ್ಲ. ಆ ತಾರೀಖು ಎಲ್ಲಿ ಹೋಯಿತು ಅನ್ನುವುದೇ ನನ್ನ ಪ್ರಶ್ನೆ.

ತಾರೀಖು ಹಾಕಿ ಬರೆದಿಟ್ಟ ಲೆಕ್ಕವೊಂದಿದೆ. ಸ್ವೀಡನ್ನಿನಲ್ಲಿ 1987ರಲ್ಲಿ ಲಾರ್ಸ್ ಶೋಸ್ಟ್ರೋಮ್ ಮುಂದಾಳುತನದಲ್ಲಿ ಶುರುವಾದ ‘ಸ್ವೀಡಿಷ್ ಒಬೀಸ್ ಸಬ್ಜೆಕ್ಟ್ಸ್’ ಅಧ್ಯಯನ. ಆಪರೇಷನ್ ಮಾಡಿಸಿಕೊಂಡ 2,010 ಮಂದಿ ಒಂದು ಕಡೆ, ಅವರಿಗೆ ಸರಿಸಾಟಿಯಾಗಿ ಆರಿಸಿದ, ಮಾಮೂಲಿ ಚಿಕಿತ್ಸೆಯಲ್ಲೇ ಉಳಿದ 2,037 ಮಂದಿ ಇನ್ನೊಂದು ಕಡೆ. ಎರಡೂ ಗುಂಪಿನವರನ್ನು ವರ್ಷಗಟ್ಟಲೆ ತೂಗುತ್ತ ಹೋದರು. 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅದರ ನಕ್ಷೆಯನ್ನು ಕಥೆಯೊಂದನ್ನು ಓದುವಂತೆ ಓದಬಹುದು. ಗೆರೆ ಮೊದಲ ವರ್ಷ ಜಾರುಬಂಡೆಯಲ್ಲಿ ಜಾರಿದ ಹಾಗೆ ಇಳಿಯುತ್ತದೆ, ಒಂದೆರಡು ವರ್ಷದೊಳಗೆ ತಳ ಮುಟ್ಟುತ್ತದೆ. ಆಮೇಲೆ ಸದ್ದಿಲ್ಲದೆ ತಲೆ ಎತ್ತಿ, ಎಂಟು ಹತ್ತು ವರ್ಷದ ಹೊತ್ತಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಬೈಪಾಸ್ ಆದವರು, ಅಂದರೆ ಊಟ ಜಠರದ ಬಹುಪಾಲನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಸಾಗುವಂತೆ ಮಾಡಿಸಿಕೊಂಡವರು, ತಳ ಮುಟ್ಟಿದಾಗ ಮೂಲ ತೂಕದ ಶೇ 32ರಷ್ಟು ಕಳೆದುಕೊಂಡಿದ್ದರು. ಹತ್ತನೆಯ ವರ್ಷಕ್ಕೆ ಅದು ಶೇ 25. ಜಠರಕ್ಕೆ ಸ್ಟೇಪಲ್ ಹೊಡೆದು ಕಿರಿದು ಮಾಡಿಸಿಕೊಂಡವರಲ್ಲಿ 25 ಇದ್ದದ್ದು 16ಕ್ಕೆ ಬಂತು, ಜಠರದ ಸುತ್ತ ಪಟ್ಟಿ ಬಿಗಿಸಿಕೊಂಡವರಲ್ಲಿ 20 ಇದ್ದದ್ದು 14ಕ್ಕೆ.

ಕೆ.ಜಿ. ಲೆಕ್ಕದಲ್ಲಿ ಹೇಳುತ್ತೇನೆ. 120 ಕೆ.ಜಿ. ಇದ್ದವರೊಬ್ಬರು ಬೈಪಾಸ್ ಮಾಡಿಸಿಕೊಂಡರು ಅನ್ನಿ. ಈ ಸರಾಸರಿಯಂತೆ ಅವರು 82ಕ್ಕೆ ಇಳಿಯುತ್ತಾರೆ, ಹತ್ತನೆಯ ವರ್ಷ 90ರಲ್ಲಿರುತ್ತಾರೆ. ಮದುವೆಮನೆಯಲ್ಲಿ ಸಿಕ್ಕ ನೆಂಟರು ‘ಅಷ್ಟು ಲಕ್ಷ ಸುರಿದೂ ಮತ್ತೆ ಊದ್ಕೊಂಡ್ಲಲ್ಲ’ ಎಂದು ಪಿಸುಗುಡುವುದು ಈ ಎಂಟು ಕೆ.ಜಿ.ಯ ಬಗ್ಗೆ. ಹೋದ ಮೂವತ್ತು ಯಾರ ಲೆಕ್ಕಕ್ಕೂ ಇಲ್ಲ. ಆಪರೇಷನ್ ಮಾಡಿಸಿಕೊಳ್ಳದ ಗುಂಪಿನ ಸರಾಸರಿ ತೂಕ ಅಷ್ಟೂ ವರ್ಷ ಶೇ 2ರ ಆಚೀಚೆ ಅಲ್ಲಾಡಿತಷ್ಟೆ. ವಯಸ್ಸು ಮತ್ತಿತರ ಅಪಾಯಗಳನ್ನು ಸರಿದೂಗಿಸಿ ನೋಡಿದಾಗ ಆಪರೇಷನ್ ಗುಂಪಿನಲ್ಲಿ ಸಾವಿನ ಸಂಭವ ಶೇ 29ರಷ್ಟು ಕಡಿಮೆಯಿತ್ತು. ತಲೆ ಎತ್ತಿದ ಗೆರೆಯ ಜೊತೆಗೇ ಬಂದ ಲಾಭ ಅದು. 90ರಲ್ಲಿ ನಿಂತವರನ್ನು ಸೋತವರು ಅನ್ನುವುದಾದರೆ, ಆ ಸೋಲನ್ನು ಹುಟ್ಟಿಸಿದ್ದು 82ರ ದಿನ ತೆಗೆದ ಫೋಟೊ.

ಹಾಗಂತ ಸ್ವೀಡನ್ನಿನ ಅಧ್ಯಯನವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಯಾರಿಗೆ ಆಪರೇಷನ್, ಯಾರಿಗೆ ಇಲ್ಲ ಎಂದು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಮೂರರಲ್ಲಿ ಎರಡು ಪಾಲು ಜನರಿಗೆ ಆದದ್ದು ಸ್ಟೇಪಲ್ಲಿನ ಆಪರೇಷನ್. ಈಗ ಅದು ಹೆಚ್ಚುಕಡಿಮೆ ಮೂಲೆಗುಂಪಾಗಿದೆ. ಬೈಪಾಸ್ ಆದವರು 265 ಮಂದಿ ಮಾತ್ರ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಸ್ಲೀವ್ ಆಪರೇಷನ್, ಅಂದರೆ ಜಠರವನ್ನು ಬಾಳೆಹಣ್ಣಿನ ಗಾತ್ರದ ಕೊಳವೆಯಾಗಿಸುವುದು, ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಸ್ವೀಡನ್ನಿನ ಅಂಕಿ ಹೇಳಿ ಸ್ಲೀವ್ ಮಾಡುವುದೆಂದರೆ ಎರವಲು ಒಡವೆ ಹಾಕಿಕೊಂಡು ಫೋಟೊ ತೆಗೆಸಿಕೊಂಡ ಹಾಗೆ. ಸ್ಲೀವ್‌ಗೆ ಅದರದೇ ಲೆಕ್ಕವಿದೆ. ಫಿನ್ಲೆಂಡಿನ ‘ಸ್ಲೀವ್‌ಪಾಸ್’ ಪ್ರಯೋಗದಲ್ಲಿ 240 ಮಂದಿಯನ್ನು ಎರಡು ಗುಂಪು ಮಾಡಿ ಹತ್ತು ವರ್ಷ ನೋಡಿದರು. ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನವರು ಕಳೆದುಕೊಂಡಿದ್ದು ಶೇ 43.5, ಬೈಪಾಸ್‌ನವರು ಶೇ 50.7. ಆಮ್ಲ ಮೇಲೇರಿ ಅನ್ನನಾಳ ಹುಣ್ಣಾದ ಪ್ರಮಾಣ ಸ್ಲೀವ್‌ನಲ್ಲಿ ಶೇ 31, ಬೈಪಾಸ್‌ನಲ್ಲಿ ಶೇ 7.

ಇಲ್ಲಿ ‘ಹೆಚ್ಚುವರಿ ತೂಕ’ ಅನ್ನುವ ಮಾತನ್ನು ಸ್ವಲ್ಪ ತಡೆದು ನೋಡಬೇಕು. ಮೊದಲ ಅಧ್ಯಯನ ಅಳೆದದ್ದು ಇಡೀ ಮೈತೂಕದ ಶೇಕಡಾವಾರು. ಇದು ಅಳೆಯುವುದು ‘ಇರಬೇಕಾದದ್ದಕ್ಕಿಂತ ಜಾಸ್ತಿ ಇದ್ದದ್ದರಲ್ಲಿ ಎಷ್ಟು ಹೋಯಿತು’ ಎಂದು. ಎರಡನ್ನೂ ಬರೀ ‘ಶೇ’ ಎಂದು ಬರೆದರೆ ಎರಡನೆಯದು ಯಾವಾಗಲೂ ದಪ್ಪಗೆ ಕಾಣುತ್ತದೆ. ಜಾಹೀರಾತಿಗೆ ಬೇಕಾದದ್ದೂ ಅದೇ. ಮರಳಿದ ತೂಕಕ್ಕೂ ಇದೇ ಗತಿ. ಎಷ್ಟು ಕೆ.ಜಿ. ಬಂದರೆ ‘ವಾಪಸ್ ಬಂತು’ ಅನ್ನಬೇಕು ಎಂಬುದಕ್ಕೆ ವೈದ್ಯರಲ್ಲೇ ಹತ್ತಾರು ಅಳತೆಗೋಲುಗಳಿವೆ. 2018ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಇವನ್ನೆಲ್ಲ ಒಂದೇ ಗುಂಪಿನ ಬೈಪಾಸ್ ರೋಗಿಗಳ ಮೇಲೆ ಇಟ್ಟು ನೋಡಿತು. ಅದೇ ಜನ, ಅದೇ ತಕ್ಕಡಿ; ಕೋಲು ಬದಲಾದಂತೆ ‘ಮತ್ತೆ ದಪ್ಪಗಾದವರ’ ಸಂಖ್ಯೆಯೂ ಬದಲಾಯಿತು.

ತೂಕ ಯಾಕೆ ಮರಳುತ್ತದೆ? ‘ನಾಲಿಗೆ ಚಪಲ’ ಎನ್ನುವುದು ನಮ್ಮ ಸಿದ್ಧ ಉತ್ತರ. ದೇಹದ ಉತ್ತರ ಬೇರೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುವಾಗ, ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಹಸಿವೆಯೆಂಬುದೇ ಮರೆತುಹೋದಂತಿರುತ್ತದೆ. ಆದರೆ ಕಳೆದುಹೋದ ಕೊಬ್ಬನ್ನು ದೇಹ ಕೊಟ್ಟ ಸಾಲವೆಂದೇ ಬಗೆದು ವಸೂಲಿಗೆ ಇಳಿಯುತ್ತದೆ. ಕುಳಿತಲ್ಲಿ ಉರಿಸುವ ಕ್ಯಾಲೊರಿ ತಗ್ಗಿಸುತ್ತದೆ, ಹಸಿವನ್ನು ನಿಧಾನವಾಗಿ ಹಿಂದಕ್ಕೆ ತರುತ್ತದೆ. ಉಳಿದ ಕೊಳವೆಯೂ ವರ್ಷ ಕಳೆದಂತೆ ಹಿಗ್ಗುತ್ತದೆ.

ಇನ್ನು ನಮ್ಮ ಅಡುಗೆಮನೆ. ಚಿಕ್ಕ ಜಠರ ತಡೆಯುವುದು ಗಟ್ಟಿ ಊಟವನ್ನು. ಚಪಾತಿ, ಕಾಳುಪಲ್ಯ, ಕೋಳಿತುಂಡು ನಾಲ್ಕು ತುತ್ತಿಗೆ ಸಾಕೆನಿಸುತ್ತವೆ. ಪಾಯಸ, ಬಾದಾಮಿ ಹಾಲು, ಬಾಯಲ್ಲೇ ಕರಗುವ ಮೈಸೂರು ಪಾಕ್ ಯಾವ ತಡೆಯೂ ಇಲ್ಲದೆ ಜಾರಿಹೋಗುತ್ತವೆ. ಒಂದೊಂದೇ ಕೋಡುಬಳೆಯನ್ನು ಸಂಜೆಯೆಲ್ಲ ಮುರಿದು ತಿನ್ನುವುದಕ್ಕೂ ಅಡ್ಡಿಯಿಲ್ಲ. ಬೈಪಾಸ್ ಆದವರಲ್ಲಿ ಅನೇಕರಿಗೆ ಸಿಹಿ ತಿಂದರೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ ಶುರುವಾಗುತ್ತದೆ. ಅದೊಂದು ಥರದ ಕಾವಲು. ಸ್ಲೀವ್‌ನಲ್ಲಿ ಆ ಕಾವಲುಗಾರ ಅರೆನಿದ್ದೆಯಲ್ಲಿರುತ್ತಾನೆ. ಮೇಲೆ ಮನೆಯವರ ಅಕ್ಕರೆ. ‘ಏನೂ ತಿನ್ತಾ ಇಲ್ವಲ್ಲೇ, ಒಂದು ಲೋಟ ಪಾಯಸನಾದ್ರೂ ಕುಡಿ’ ಎಂದು ದೊಡ್ಡಮ್ಮ ತಂದಿಡುವುದು ಯಾವುದನ್ನು ಇಡಬಾರದೋ ಅದನ್ನೇ. ಆಸ್ಪತ್ರೆಯ ಡಯಟ್ ಚೀಟಿಯಲ್ಲಿ ದೊಡ್ಡಮ್ಮನಿಗೆ ಒಂದು ಸಾಲೂ ಇರುವುದಿಲ್ಲ.

ಈ ಪದ್ಧತಿಯಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಆಮೇಲಿನ ನಾಚಿಕೆ. ತೂಕ ಏರತೊಡಗಿದವರು ಫಾಲೋಅಪ್‌ಗೆ ಹೋಗಲು ಹಿಂಜರಿಯುತ್ತಾರೆ. ತಕ್ಕಡಿ ಹತ್ತಿದರೆ ಬೈಸಿಕೊಳ್ಳಬೇಕಲ್ಲ ಎಂಬ ಅಳುಕು. ಅವರು ಬಾರದಿದ್ದರೆ ಲೆಕ್ಕದಲ್ಲಿ ಉಳಿಯುವವರು ಚೆನ್ನಾಗಿರುವವರು. ಹೀಗೆ ರೋಗಿಯ ನಾಚಿಕೆಯೇ ಆಸ್ಪತ್ರೆಯ ಅಂಕಿಗೆ ಹೊಳಪು ಕೊಡುತ್ತದೆ. ಅತ್ತ ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಬೇಕಾದ ರಕ್ತಪರೀಕ್ಷೆಯೂ ತಪ್ಪುತ್ತದೆ. ಆ ನಾಚಿಕೆಗೆ ಮಣಿಯದವರೂ ಇದ್ದಾರೆ. ಅಮೆರಿಕದ ಗಾಯಕಿ ಕಾರ್ನಿ ವಿಲ್ಸನ್ 1999ರಲ್ಲಿ ತಮ್ಮ ಬೈಪಾಸನ್ನು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡಿಸಿದ್ದರು. 2012ರಲ್ಲಿ ಎರಡನೆಯ ಆಪರೇಷನ್ ಮಾಡಿಸಿಕೊಂಡದ್ದನ್ನೂ ಮುಚ್ಚಿಡಲಿಲ್ಲ. ಎರಡರಲ್ಲಿ ಹೆಚ್ಚು ಧೈರ್ಯ ಬೇಡುವುದು ಎರಡನೆಯದು.

ದುಡ್ಡಿನ ವ್ಯವಸ್ಥೆಯೂ ಆ ಫೋಟೊದ ಪರವಾಗಿಯೇ ಇದೆ. ನಮ್ಮಲ್ಲಿ ವಿಮಾ ಪ್ರಾಧಿಕಾರದ ನಿಯಮದಂತೆ ಬಿಎಂಐ 40 ಮುಟ್ಟಿದವರಿಗೆ, ಇಲ್ಲವೇ 35 ಮುಟ್ಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೀವ್ರ ತೊಂದರೆ ಇದ್ದವರಿಗೆ ಆಪರೇಷನ್ನಿನ ಕ್ಲೇಮು ಸಿಗುವ ದಾರಿ ಇದೆ. ಮುಂದಿನ ಹತ್ತು ವರ್ಷದ ಮಾತ್ರೆ, ಪರೀಕ್ಷೆ, ಆಹಾರತಜ್ಞರ ಫೀಸು ಸಾಮಾನ್ಯವಾಗಿ ರೋಗಿಯ ಜೇಬಿನಿಂದಲೇ. ಮರಳಿದ ತೂಕಕ್ಕೆ ಈಗ ಚುಚ್ಚುಮದ್ದು ಬಂದಿದೆ. ಆಪರೇಷನ್ ಆದರೂ ನಿರೀಕ್ಷೆಯಷ್ಟು ಇಳಿಯದ 70 ಮಂದಿಯನ್ನು ಇಟ್ಟುಕೊಂಡು ಲಂಡನ್ನಿನಲ್ಲಿ ಲಿರಾಗ್ಲುಟೈಡ್ ಎಂಬ ಚುಚ್ಚುಮದ್ದಿನ ಪ್ರಯೋಗ ನಡೆಸಿದಾಗ, ಮದ್ದು ಪಡೆದ ಗುಂಪಿನವರ ತೂಕ 24 ವಾರದಲ್ಲಿ ಶೇ 8.8ರಷ್ಟು ತಗ್ಗಿತು. ಒಳ್ಳೆಯ ಸುದ್ದಿಯೇ. ಆದರೆ ಈ ಜಾತಿಯ ಮದ್ದುಗಳನ್ನು ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ. ಮರು ಆಪರೇಷನ್ ಎಂದು ಅವಸರಪಡಿಸುವವರ ಮಾತಿಗೆ ತಲೆಯಾಡಿಸುವ ಮುಂಚೆ, ಮೊದಲಿನದಕ್ಕಿಂತ ಅದರಲ್ಲಿ ತೊಡಕು ಜಾಸ್ತಿ ಎನ್ನುವುದು ಗೊತ್ತಿರಲಿ.

ಬೊಜ್ಜು ಜೀವಕ್ಕೇ ಎರವಾಗಿರುವವರಿಗೆ ಈ ಆಪರೇಷನ್ ಬೇಡ ಎಂದು ನಾನು ಹೇಳಲಾರೆ. ಸ್ವೀಡನ್ನಿನ ಸಾವಿನ ಲೆಕ್ಕ ಬಾಯಿ ಕಟ್ಟುತ್ತದೆ. ಮಾಡಿಸಿಕೊಳ್ಳುವವರು ಸಹಿ ಹಾಕುವ ಮುನ್ನ ಡಾಕ್ಟರನ್ನು ಎರಡು ಮಾತು ಕೇಳಿ. ನಿಮ್ಮ ಆಸ್ಪತ್ರೆಯಲ್ಲಿ ಮಾಡಿಸಿಕೊಂಡವರ ಐದನೆಯ ವರ್ಷದ ತೂಕವೆಷ್ಟು? ಆ ಐದನೆಯ ವರ್ಷ ನೂರರಲ್ಲಿ ಎಷ್ಟು ಮಂದಿ ತೂಗಿಸಿಕೊಳ್ಳಲು ಬಂದಿದ್ದರು?